ಭರಣಿಯಲ್ಲಿ ಕೊರಗಣ್ಣ

ನಮ್ಮ ಕಡಲತಡಿಯಲ್ಲಿ ಬೊಂಬಾಯಿಯಿಂದ ಬಂದವನ ಹತ್ತಿರ ‘ಅಲ್ಲಿ ಎಂತ ಮಾಡ್ಕಂಡಿದ್ದೆ’ ಎಂದು ಕೇಳುವುದು ಮರ್ಯಾದೆಯಲ್ಲ. ‘ಎಲ್ಲಿದ್ದೆ’ ಎಂದು ಕೇಳಬೇಕು. ಈ ಒಂದು ಮರ್ಯಾದೆಯ ನೆರಳಿನಲ್ಲಿ ಎಷ್ಟೋ ಜನ ತಂಪಾಗಿ ಬದುಕಿ ಹೋಗಿದ್ದಾರೆ. ಕುಷ್ಟನೂ ಅಂಥವರಲ್ಲಿ ಒಬ್ಬ.

ಅವನು ಊರಿಗೆ ಮರಳಿದ ದಿನ ಬಸ್ಸಿಳಿದಲ್ಲೇ ಯಾರೋ ಕೇಳಿದರು, “ಎಲ್ಲಿದ್ದೆ ಇಷ್ಟ್ ವರ್ಷ?” ಕುಷ್ಟ ಹೇಳಿದ, “ದಾದರದ ಒಂದ್ ಫೋಟೋ ಸ್ಟುಡಿಯೋದಗೆ.” ಮಾತು ಅಪ್ಪಟ ಸತ್ಯ. ಬೆಳಿಗ್ಗೆಯೂ ಸಂಜೆಯೂ ಅವನು ಆ ಸ್ಟುಡಿಯೋದಲ್ಲಿ ಇರುತ್ತಿದ್ದ. ಕೈಯಲ್ಲಿ ಚಾದ ಕೆಟ್ಲಿ ಇರುತ್ತಿತ್ತು, ಅಷ್ಟೆ. ಕತ್ತಲೆ ಕೋಣೆಯ ಬಾಗಿಲು ತಟ್ಟಿ, ಗ್ಲಾಸನ್ನು ಹೊಸಿಲ ಹೊರಗಿಟ್ಟು ಬರುವುದು ಅವನ ಉದ್ಯೋಗ. ಒಳಗೆ ಏನು ನಡೆಯುತ್ತದೆಂದು ಅವನು ಕಂಡವನಲ್ಲ. ಕೆಟ್ಲಿಯ ವಿಷಯ ಊರಿನವರು ಕೇಳಲಿಲ್ಲ. ಕೇಳದ್ದನ್ನು ಹೇಳುವುದು ಅವನ ಸ್ವಭಾವವಲ್ಲ.

ಬಿಜೂರಿನಿಂದ ಪಡುವಣಕ್ಕೆ ಇಳಿದು, ಗದ್ದೆ ಮುಗಿದು ಹೊಯಿಗೆ, ಅಂದರೆ ಕಡಲ ಮರಳು, ಶುರುವಾಗುವಲ್ಲಿ ನಮ್ಮ ಕೇರಿ. ಅಂದಿನಿಂದ ಕೇರಿಯಲ್ಲಿ ಚಿತ್ರಕ್ಕೆ ಸಂಬಂಧಪಟ್ಟ ಯಾವ ವಿಷಯಕ್ಕೂ ಕುಷ್ಟನ ಮಾತೇ ಕೊನೆಯ ಮಾತಾಯಿತು. ಟೀವಿ ಮಸುಕಾದರೆ ಅವನನ್ನು ಕರೆಯುತ್ತಿದ್ದರು. ಕಾಲು ಮುರಿದವರು ಎಕ್ಸ್‌ರೇ ತಂದು ಅವನಿಗೆ ತೋರಿಸುತ್ತಿದ್ದರು. ಅವನು ಅದನ್ನು ಬಿಸಿಲಿಗೆ ಹಿಡಿದು, “ತೆಗುವತ್ತಿಗೆ ಸ್ವಲ್ಪ ಅಲ್ಲಾಡಿರ್ ನೀವ್” ಎನ್ನುತ್ತಿದ್ದ. ಮುರಿದ ಕಾಲಿನವರು ತಪ್ಪೊಪ್ಪಿಕೊಂಡು ಹೋಗುತ್ತಿದ್ದರು.

ಹೀಗೆ ದೇವರ ದಯೆಯಿಂದ ನಡೆಯುತ್ತಿದ್ದ ಬಾಳಿಗೆ, ಎರಡು ಸಾವಿರದ ಒಂಬತ್ತನೇ ಇಸವಿಯ ನವರಾತ್ರಿ ಕಳೆದ ಮೇಲೆ, ಒಂದು ಬೆಳಿಗ್ಗೆ ಅವನ ಸೋದರತ್ತೆ ಅಪ್ಪಿಯಮ್ಮ ಬಂದರು. ಕಡಲ ಮೇಲಿನ ಮಂಜು ಇನ್ನೂ ಏಳಲೋ ಬೇಡವೋ ಎಂದು ಯೋಚಿಸುತ್ತಿತ್ತು. ಅಪ್ಪಿಯಮ್ಮನ ಸೆರಗಿನೊಳಗೆ ಒಂದು ಪೆಟ್ಟಿಗೆ ಕ್ಯಾಮರ.

ಅದರ ಕತೆ ಕೇರಿಗೆಲ್ಲ ಗೊತ್ತು. ಮೂವತ್ತು ವರ್ಷದ ಹಿಂದೆ ಬೊಂಬಾಯಿಯಿಂದ ರಜೆಗೆ ಬಂದ ಅಪ್ಪಿಯಮ್ಮನ ತಮ್ಮ, ದೋಣಿಗೆ ಒರಗಿ ನಿಂತಿದ್ದ ಅವರ ಗಂಡ ಕೊರಗಣ್ಣನ ಪಟ ತೆಗೆದಿದ್ದ. ಆಗಲೇ ಗಾಳಿಗೆ ಹೊಯಿಗೆ ಹೊಕ್ಕು ಕ್ಯಾಮರದ ಕೀಲಿ ಕಚ್ಚಿಕೊಂಡಿತು. ತಮ್ಮ ಅದನ್ನು ರೀಲಿನ ಸಮೇತ ಬಿಟ್ಟು ಹೋದ. ಮುಂದಿನ ಮಳೆಗಾಲದ ಮೊದಲ ಗಾಳಿಗೆ ಕೊರಗಣ್ಣ ಕಡಲಿಗೆ ಹೋದವರು ತಿರುಗಿ ಬರಲಿಲ್ಲ. ಅವರದ್ದು ಬೇರೆ ಪಟವೂ ಇರಲಿಲ್ಲ.

“ಕುಷ್ಟ, ಒಂದ್ ಮಾತ್ ಕೇಂತೆ,” ಎಂದರು ಅಪ್ಪಿಯಮ್ಮ, ಜಗಲಿಯಲ್ಲಿ ಕೂತು. “ಮೊದ್ಲೆಲ್ಲ ಇವ್ರ್ ಕನ್ಸಗೆ ಬಂದ್ರೆ ಮೋರೆ ಕಾಣ್ತಿತ್ತ್. ಈಗ್ಳೂ ಬತ್ರ್. ಬೆನ್ನ್ ಹಾಕಿ ಕೂಕಂತ್ರ್. ಕರ್ದ್ರೂ ತಿರ್ಗುದಿಲ್ಲ.”

“ಸಿಟ್ಟಾ, ಅತ್ತೆ?”

“ಸಿಟ್ಟಲ್ಲ ಮಗಾ. ನಂಗೇ ಮೋರೆ ಮರ್ತ್‌ಹೋಯ್ತ್. ಮರ್ತವ್ಳಿಗೆ ಹ್ಯಾಂಗ್ ಮೋರೆ ತೋರ್ಸುದ್ ಅವ್ರ್? ಇದ್ರೊಳ್ಗ್ ಇವ್ರ್ ಇದ್ರ್. ನಾ ಹೋಪುದ್ರೊಳ್ಗ್ ಒಂದ್ಸಲ ಕಾಣ್ಕ್.”

ಕುಷ್ಟ ಆಗ ನಿಜ ಹೇಳಿಬಿಡಬಹುದಿತ್ತು. ಆದರೆ ಪಕ್ಕದ ಮನೆಯ ಉಮಾವತಿ ಬೇಲಿಯ ಮೇಲೆ ಬಟ್ಟೆ ಹರಗುತ್ತ ನಿಂತಿದ್ದಳು. ಒಂದೇ ಸೀರೆಯನ್ನು ಎಷ್ಟು ಹೊತ್ತು ಬೇಕಾದರೂ ಹರಗಬಲ್ಲ ಹೆಂಗಸು ಅವಳು. ಅವಳೇ ಕೇಳಿದಳು, “ಹ್ವಾಯ್ ಕುಷ್ಟಣ್ಣ, ಪಟ ತೊಳುದ್ ನಿಮ್ಗ್ ಬತ್ತಲ್ದಾ?”

“ಅದೇನ್ ದೊಡ್ಡ ಸಂಗ್ತಿ,” ಎಂದ ಕುಷ್ಟ.

ಈ ಕತೆಯ ತಾಯಿಬೇರು ಆ ಮೂರು ಮಾತು.

ಅವನು ಮೊದಲು ಕುಂದಾಪುರಕ್ಕೆ ಹೋದ. ಸ್ಟುಡಿಯೋದ ಹುಡುಗ ಕ್ಯಾಮರವನ್ನು ತಿರುಗಿಸಿ ಮುರುಗಿಸಿ ನೋಡಿ, ಕಪ್ಪು ಬಿಳುಪು ಈಗ ಯಾರೂ ತೊಳೆಯುವುದಿಲ್ಲವೆಂದೂ, ಶೋಕೇಸಿನಲ್ಲಿಟ್ಟರೆ ಚಂದ ಕಾಣುವುದೆಂದೂ ಹೇಳಿ ಕೈಗಿತ್ತ. ಬರುವ ದಾರಿಯಲ್ಲಿ ಕುಷ್ಟ ಬೈಂದೂರಿನಲ್ಲಿ ಇಳಿದು ಸೈಬರ್ ಅಂಗಡಿಯ ಯತೀಶನನ್ನು ಹಿಡಿದ. ಯತೀಶ ದೂರದ ನೆಂಟ, ಕಾಲೇಜು ಓದಿದವ, ಇಂಟರ್ನೆಟ್ಟಿನಲ್ಲಿ ಸಿಕ್ಕದ್ದು ಭೂಮಿಯ ಮೇಲೆ ಇಲ್ಲವೆಂದು ನಂಬಿದವ. ಸ್ವಲ್ಪ ಹೊತ್ತು ಕುಟ್ಟಿದ ಮೇಲೆ ಅವನ ಮುಖ ಅರಳಿತು.

“ಕುಷ್ಟಣ್ಣ, ಮನಿಯಂಗೇ ಆತ್ತ್. ಕಾಫಿ ಪುಡಿ, ಬಟ್ಟಿ ಒಗು ಸೋಡ, ಮಕ್ಳ್ ಚೀಪು ವಿಟಮಿನ್ ಮಾತ್ರೆ. ಕಡೀಗೆ ಪಟ ನಿಲ್ಲೂಕೆ ಒಂದ್ ದಿನ ಉಪ್ಪ್‌ನೀರ್.”

“ಇದ್ ಪಟ ತೊಳುಕಾ, ಶೀತಕ್ಕೆ ಕಷಾಯ ಮಾಡುಕಾ?”

“ಹೆರದೇಶದವ್ರ್ ಹೀಂಗೇ ಮಾಡ್ತ್ರ್ ಗಡ. ಕಾಫಿಯಗೆ ಚಿಕೋರಿ ಇರೂಕಾಗ. ಕತ್ಲಿ ಕೋಣಿ ಬೇಕ್. ಸೂಜಿಮೊನಿಯಷ್ಟ್ ಬೆಳ್ಕ್ ಬಿದ್ರೂ ಮುಗಿತ್. ಒಂದೇ ರೀಲ್, ಒಂದೇ ಸಲ. ಮತ್ತೆ ಹಾಳಾಯ್ತ್ ಅಂದ್ರೆ ದೇವ್ರೂ ಕೊಡೂಕಾಗುದಿಲ್ಲ.”

ಕುಷ್ಟ ತಲೆಯಾಡಿಸಿದ. ಬೊಂಬಾಯಿಯಲ್ಲಿ ಮುಚ್ಚಿದ ಬಾಗಿಲೊಂದನ್ನು ಬಹಳ ವರ್ಷ ನೋಡಿದವನ ಗಾಂಭೀರ್ಯ ಅದರಲ್ಲಿತ್ತು.

ಕೇರಿಯ ದಿನಸಿ ಅಂಗಡಿಯಲ್ಲಿ ಕತೆ ಹಳಿ ತಪ್ಪಿತು. ನಮ್ಮ ಕೇರಿ ಚಾದ ಕೇರಿ. ಅಲ್ಲಿ ಒಬ್ಬ ಚಿಕೋರಿ ಇಲ್ಲದ ಕಾಫಿ ಪುಡಿ ಕೇಳಿದರೆ ಅಂಗಡಿಯವನು ತಕ್ಕಡಿ ಕೆಳಗಿಡುತ್ತಾನೆ.

“ಯಾರ್ ಬತ್ರ್ ಮಾರಾಯಾ ಮನಿಗೆ?”

“ಮಾವ ಬತ್ರ್,” ಎಂದ ಕುಷ್ಟ, ಮನಸ್ಸೆಲ್ಲ ರೀಲಿನಲ್ಲಿ.

“ಯಾವ್ ಮಾವ?”

“ಕೊರಗ ಮಾವ.”

ಅಂಗಡಿಯವನು ಮತ್ತೆ ಏನನ್ನೂ ಕೇಳದೆ ಪೊಟ್ಟಣ ಕಟ್ಟಿ, ಕೈಗೆ ಕೊಡದೆ ಕಟ್ಟೆಯ ಮೇಲಿಟ್ಟ.

ಸುದ್ದಿ ಕುಷ್ಟನಿಗಿಂತ ಮೊದಲು ಮನೆ ಮುಟ್ಟಿತು. ಉಮಾವತಿ ಓಡಿ ಅಪ್ಪಿಯಮ್ಮನ ಹತ್ತಿರ ಹೋದಳು. “ಹೌದಾ ಅಮ್ಮ? ಬತ್ರ್ ಗಡ?” ಅಪ್ಪಿಯಮ್ಮ ಹಳೆಯ ಕಾಲದವರು. ಗಂಡನ ಹೆಸರು ಹೇಳುವವರಲ್ಲ, ಗಂಡನ ಪಟವನ್ನು ಪಟ ಎನ್ನುವವರೂ ಅಲ್ಲ. ಅವರಿಗೆ ಎರಡೂ ‘ಇವರೇ’. “ಹೌದ್,” ಎಂದರು. “ನಾಳೆ ಮಧ್ಯಾಹ್ನಕ್ ಇವ್ರ್ ಬತ್ರಂಬ್ರ್. ನಡುಕೋಣಿ ಬಾಗಿಲ್ ಹಾಕ್ಕ್ ಗಡ. ಒಳ್ಗ್ ಕಾಫಿ ಇಡ್ಕ್ ಗಡ.”

ಇಷ್ಟು ಸಾಕಾಯಿತು. ತೀರಿಹೋದ ಹಿರಿಯರಿಗೆ ಎಡೆ ಇಡುವ ಕ್ರಮ ನಮ್ಮಲ್ಲಿ ಹೀಗೇ ತಾನೆ? ಅವರಿಗೆ ಇಷ್ಟವಾದದ್ದನ್ನೆಲ್ಲ ಎಲೆಯಲ್ಲಿ ಬಡಿಸಿ, ಕೋಣೆಯ ಬಾಗಿಲು ಮುಚ್ಚಿ, ಹೊರಗೆ ಕೈಕಟ್ಟಿ ಕೂರುತ್ತೇವೆ. ಒಳಗೆ ಬಂದವರು ಉಂಡು ತೃಪ್ತರಾಗುತ್ತಾರೆ. ಅದು ನಂಬಿಕೆ, ನಂಬಿಕೆಯ ಬಾಗಿಲನ್ನು ಯಾರೂ ತಟ್ಟಿ ನೋಡುವುದಿಲ್ಲ. ಆದರೆ ಹೊತ್ತಲ್ಲದ ಹೊತ್ತಿನಲ್ಲಿ, ಬರೀ ಕಾಫಿಯ ಎಡೆಯೆಂದರೆ ಯಾರಾದರೂ ಕೇಳಬೇಕಲ್ಲ. ಕೇಳುವ ಹಕ್ಕು ಕೇರಿಯ ಗುರಿಕಾರ ಚಂದಯ್ಯನವರದ್ದು. ಮದುವೆಯಿಂದ ಸತ್ತವರ ಬೊಜ್ಜದವರೆಗೆ ಅವರು ಹೂಂ ಎನ್ನದೆ ನಮ್ಮಲ್ಲಿ ಯಾವುದೂ ನಡೆಯುವುದಿಲ್ಲ.

ಮರುದಿನ ಚಂದಯ್ಯನವರು ಶಾಲು ಹೊದ್ದು ಬಂದಾಗ ಅಪ್ಪಿಯಮ್ಮನ ಅಂಗಳ ತುಂಬಿತ್ತು. ಕುಷ್ಟ ನಡುಕೋಣೆಯ ಕಿಟಕಿಗೆ ಹಳೆಯ ಬಲೆ, ಅದರ ಮೇಲೆ ಕಂಬಳಿ, ಅದರ ಮೇಲೆ ಚಾಪೆ ಹೊಡೆಯುತ್ತಿದ್ದ.

“ಕುಷ್ಟ, ಕೊರಗ ಕಾಫಿ ಕುಡುವವ ಅಲ್ಲ,” ಎಂದರು ಚಂದಯ್ಯ, ತೀರ್ಪಿನ ದನಿಯಲ್ಲಿ. “ಅವ ಚಾ. ಅದೂ ಬೆಲ್ಲದ್ ಚಾ.”

“ಚಾದಗೆ ಆತಿಲ್ಲ ಗುರಿಕಾರ್ರೆ. ಕಾಫಿಯಗೇ ಬಪ್ಪುದ್ ಅವ್ರ್.”

“ಸತ್ತ ಮೇಲೆ ರುಚಿ ಬದ್ಲಾತ್ತಾ?”

ಕುಷ್ಟ ಚಾಪೆಯ ತುದಿಗೆ ಇನ್ನೊಂದು ಮೊಳೆ ಹೊಡೆದ. ಉಮಾವತಿ ಬಾಳೆಎಲೆಯಲ್ಲಿ ಹುರಿದ ಬಂಗುಡೆ ಹಿಡಿದುಕೊಂಡು ಬಂದಿದ್ದಳು. ಮತ್ತೊಬ್ಬರು ಕೊಟ್ಟೆ ಕಡುಬು, ಇನ್ನೊಬ್ಬರು ಒಂದು ಕಟ್ಟು ಬೀಡಿ. ಇವನ್ನೆಲ್ಲ ಒಳಗಿಡದೆ ಬಾಗಿಲು ಹಾಕಲು ಬಿಡುವುದಿಲ್ಲವೆಂದು ಹೆಂಗಸರು ಹಟ ಹಿಡಿದರು. ಕುಷ್ಟ ಎಲ್ಲವನ್ನೂ ಒಳಗೆ ಇಡಿಸಿಕೊಂಡ. ಕಾಫಿ, ಸೋಡ, ಮಾತ್ರೆ ಕದಡಿದ ಬೋಗುಣಿ ಒಂದು ಕಡೆ, ನೀರಿನ ಬಾಲ್ದಿ ಒಂದು ಕಡೆ, ಉಪ್ಪಿನಕಾಯಿಯ ಖಾಲಿ ಭರಣಿಯಲ್ಲಿ ದಪ್ಪ ಉಪ್ಪುನೀರು ಇನ್ನೊಂದು ಕಡೆ, ನಡುವೆ ಬಂಗುಡೆ.

“ಅವ ಬಂದ ಕೂಡ್ಲೆ ಒಂದ್ ಮಾತ್ ಕೇಣ್,” ಎಂದರು ಚಂದಯ್ಯ, ದನಿ ತಗ್ಗಿಸಿ. “ಭಜನಾ ಮಂದಿರದ್ ದೊಡ್ಡ ತಾಳ ಕೊರಗನ ಕೈಯಂಗಿತ್ತ್. ಎಲ್ಲಿಟ್ಟ ಅಂದೇಳಿ ಕೇಣ್.”

“ಬಾಗಿಲ್ ಮಾತ್ರ ಯಾರೂ ತೆಗೂಕಾಗ,” ಎಂದ ಕುಷ್ಟ. “ಬೆಳ್ಕ್ ಬಂದ್ರೆ ಅವ್ರ್ ಹೋತ್ರ್. ಮತ್ತೆ ಬಪ್ಪುದಿಲ್ಲ.”

ಅವನು ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಅಪ್ಪಿಯಮ್ಮ ಎದ್ದು, ಮುಚ್ಚಿದ ಬಾಗಿಲಿಗೆ ಬೆನ್ನು ಕೊಟ್ಟು ಕಾಲು ನೀಡಿ ಕೂತರು. ಇನ್ನು ಆ ಬಾಗಿಲು ತೆಗೆಯಲು ಮಿಲಿಟರಿ ಬರಬೇಕಿತ್ತು.

ಕಾಯುವ ಜನಕ್ಕೆ ಮಾತೇ ಊಟ. ಕೊರಗಣ್ಣ ಹೇಗಿದ್ದರೆಂಬ ಮಾತು ಎದ್ದಿತು. ಮೂಗು ಗಿಳಿಯ ಹಾಗೆ ಇತ್ತು ಎಂದರು ಒಬ್ಬರು. ಗಿಳಿಯಲ್ಲ, ಮೆಣಸಿನಕಾಯಿ ಬೋಂಡದ ಹಾಗೆ ಎಂದರು ಇನ್ನೊಬ್ಬರು. ಕರಿ ಗುಂಗುರು ತಲೆ, ನೀರಿನಿಂದ ಎದ್ದರೂ ಒದ್ದೆಯಾಗುತ್ತಿರಲಿಲ್ಲ ಎಂದರು ಮತ್ತೊಬ್ಬರು. ಕೊರಗಣ್ಣನೊಡನೆ ಒಂದೇ ದೋಣಿಯಲ್ಲಿ ಹುಟ್ಟು ಹಾಕಿದ ಚಂದಯ್ಯನವರಿಗೆ ಕಿವಿ ಮಾತ್ರ ನೆನಪಿತ್ತು. ಚಂದಯ್ಯನವರು ಯಾವಾಗಲೂ ಅವರ ಹಿಂದಿನ ಹಲಗೆಯಲ್ಲಿ ಕೂರುತ್ತಿದ್ದರಂತೆ. ಮೂವತ್ತು ವರ್ಷದ ಮೇಲೆ ಗಂಡನನ್ನು ಊರೆಲ್ಲ ಹೀಗೆ ಆಡಿಕೊಳ್ಳುವುದನ್ನು ಅಪ್ಪಿಯಮ್ಮ ಬಾಯಲ್ಲಿ ಎಲೆಯಿಟ್ಟುಕೊಂಡು ಕೇಳಿದರು. ಹಲವು ಮುಖ ಬಂದವು. ಯಾವುದನ್ನೂ ಅವರು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ.

ಒಳಗೆ ಕುಷ್ಟ ಕತ್ತಲೆಯಲ್ಲಿ ಕ್ಯಾಮರದ ಬೆನ್ನು ಮುರಿದು, ರೀಲು ಬಿಚ್ಚಿ, ಎರಡು ತುದಿ ಹಿಡಿದು ಕಾಫಿಯಲ್ಲಿ ತೊಟ್ಟಿಲ ಹಾಗೆ ತೂಗತೊಡಗಿದ್ದ. ಕತ್ತಲೆಯಲ್ಲಿ ಗಡಿಯಾರ ಕಾಣುವುದಿಲ್ಲ. ಅದಕ್ಕೆ ಅವನು ಮಾಡಿಕೊಂಡ ಉಪಾಯ ಭಕ್ತಿಯದ್ದು: ಮಂದಿರದ ಮಂಗಳದ ಹಾಡನ್ನು ನಿಧಾನವಾಗಿ ಮೂರು ಸಲ ಹೇಳಿದರೆ ಯತೀಶ ಹೇಳಿದ ಹೊತ್ತು ಸರಿಯಾಗಿ ಮುಗಿಯುತ್ತದೆ.

ಮುಚ್ಚಿದ ಕೋಣೆಯಿಂದ ಮಂಗಳದ ಹಾಡು ಬಂದಾಗ ಹೊರಗಿನವರ ರೋಮ ನಿಂತಿತು. ಭಜನೆ ಕೇಳಿ ಸುಮ್ಮನೆ ಕೂರುವ ಕೇರಿ ನಮ್ಮದಲ್ಲ. ಚಂದಯ್ಯನವರು ಎತ್ತಿಕೊಂಡರು, ಅಂಗಳ ಎತ್ತಿಕೊಂಡಿತು, ಯಾರೋ ಮನೆಗೆ ಓಡಿ ಸಣ್ಣ ತಾಳ ತಂದರು. ಎಲ್ಲ ಭಜನೆಯಂತೆ ಅದೂ ಮೆಲ್ಲನೆ ಶುರುವಾಗಿ ಓಡತೊಡಗಿತು. ಕುಷ್ಟ ಎರಡನೆಯ ಸಲದಲ್ಲಿದ್ದರೆ ಅಂಗಳ ನಾಲ್ಕನೆಯದರಲ್ಲಿತ್ತು. ಎಣಿಕೆ ತಪ್ಪಿತು. ತಪ್ಪಿದವನು ಮೊದಲಿನಿಂದ ಹಿಡಿದ. ಆಗ ಹೊರಗೆ ನಿಧಾನವಾಯಿತು. ಸೋಡದ ಘಾಟು, ಸುಟ್ಟ ಕಾಫಿಯ ವಾಸನೆ, ಬಂಗುಡೆಯ ಪರಿಮಳ ಎಲ್ಲ ಸೇರಿ ಅವನಿಗೆ ತಾನು ಎಲ್ಲಿದ್ದೇನೆಂದೇ ಮರೆತುಹೋಯಿತು. ಕೈ ತೂಗುತ್ತಿತ್ತು, ಬಾಯಿ ಹಾಡುತ್ತಿತ್ತು, ಬಾಗಿಲಾಚೆ ಕಡಲು ಹಾಡುತ್ತಿದೆಯೋ ಜನ ಹಾಡುತ್ತಿದ್ದಾರೋ ತಿಳಿಯಲಿಲ್ಲ. ಹಾಡು ನಿಂತಾಗ ಹೇಳಿದ ಹೊತ್ತಿನ ದುಪ್ಪಟ್ಟು ಕಳೆದಿತ್ತು. ಅಷ್ಟು ಹಳೆಯ ರೀಲಿಗೆ ಅಷ್ಟೇ ಹೊತ್ತು ಬೇಕಿತ್ತೆಂದು ಯತೀಶ ಆಮೇಲೆ ಓದಿ ಹೇಳಿದ. ಆ ಲೆಕ್ಕ ಇಟ್ಟವನು ಯಾರೆಂದು ನಾನು ಹೇಳಬೇಕಾಗಿಲ್ಲ.

ಬಾಗಿಲು ಬಡಿದ ಸದ್ದಾಯಿತು. ಅಪ್ಪಿಯಮ್ಮ ಸರಿದರು. ಮೊಣಕೈವರೆಗೆ ಕಂದು ಬಣ್ಣ, ಕಣ್ಣೆರಡು ಕೆಂಪು, ಕುಷ್ಟ ಹೊರಗೆ ಬಂದ. ಬಾಯಿ ಕಟ್ಟಿದ ಭರಣಿ ತೋಳಿನಲ್ಲಿತ್ತು.

“ಬಂದ್ರಾ?” ಎಂದರು ಚಂದಯ್ಯ.

“ಬಂದಿರ್ಕ್. ಈಗ್ಳ್ ಕಾಂಬೂಕಾಗ.”

“ಎಲ್ಲಿದ್ರ್?”

“ಇದ್ರೊಳ್ಗೆ. ಉಪ್ಪಿಗ್ ಹಾಕಿದೆ. ನಾಳೆ ಮಧ್ಯಾಹ್ನದವರಿಗೆ ಇರ್ಕ್.”

ಮೀನು ಉಪ್ಪಿಗೆ ಹಾಕುವ ಜನ ನಾವು. ಆ ಮಾತಿನ ಅರ್ಥ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಅಂಗಳ ಒಂದು ಹೆಜ್ಜೆ ಹಿಂದೆ ಸರಿಯಿತು. ಚಂದಯ್ಯನವರ ಶಾಲು ಹೆಗಲಿಂದ ಜಾರಿತು.

“ಕುಷ್ಟ,” ಎಂದರು ಅವರು ಬಹಳ ನಿಧಾನವಾಗಿ. “ಒಬ್ಬ ಹಿರಿಯನ್ನ ಕರುದ್. ಕಾಫಿ ಕೊಡುದ್. ಭಜನಿ ಮಾಡ್ಸುದ್. ಮತ್ತೆ ಹಿಡ್ದ್ ಭರಣಿಗ್ ಹಾಕಿ ಉಪ್ಪಿಡುದಾ? ಯಾವೂರ್ ಮರ್ಯಾದಿ ಇದ್?”

“ಉಪ್ಪ್ ಬೀಳ್ದಿದ್ರೆ ಅವ್ರ್ ನಿಲ್ಲುದಿಲ್ಲ ಗುರಿಕಾರ್ರೆ. ಬೆಳ್ಕ್ ಕಂಡದ್ದೇ ಕಪ್ಪಾತ್ರ್.”

“ಮೊದ್ಲೇ ಕಪ್ಪ್ ಅವ,” ಎಂದಿತು ಹಿಂದಿನಿಂದ ಒಂದು ದನಿ.

“ಕಡಲಿಗ್ ಬಿಡ್ಕ್,” ಎಂದು ಚಂದಯ್ಯ ತೀರ್ಪು ಕೊಟ್ಟರು. “ಈಗ್ಳೇ. ಬಾಯಿ ಬಿಚ್ಚಿ ತೆರೆಗ್ ಹೊಯ್ಕ್. ಅವ ಬಂದ ದಾರಿಯಂಗೆ ಹೋಯ್ಲಿ.”

ಇಬ್ಬರು ಗಂಡಸರು ಮುಂದೆ ಬಂದರು. ಬಿಸಿಲು ಇಳಿಯುತ್ತಿತ್ತಾದರೂ ಇನ್ನೂ ಬಿಸಿಲೇ. ಬಾಯಿ ಬಿಚ್ಚಿದರೆ ಇದ್ದ ಒಂದು ರೀಲೂ ಹೋಯಿತು. ಕುಷ್ಟ ಭರಣಿಯನ್ನು ಅಪ್ಪಿಕೊಂಡು ಕೂಗಿದ, “ಹೊಯ್ಯೂಕಾಗ. ನಾ ಬೊಂಬಾಯಲ್ ಕಲ್ತವ. ನಂಗ್ ಗೊತ್ತಿತ್ತ್.”

ಆಗ ಗುಂಪಿನ ಹಿಂದಿನಿಂದ ಗುಡ್ಡ ಎಂಬವನು ನಕ್ಕ. ಗುಡ್ಡ ದಾದರದ ಹೋಟೆಲೊಂದರಲ್ಲಿ ಇಪ್ಪತ್ತು ವರ್ಷ ದೋಸೆ ಹೊಯ್ದವ. ಬಂಧುಗಳ ಮದುವೆಗೆಂದು ಆ ವಾರವಷ್ಟೇ ಬಂದಿದ್ದ.

“ಎಂತ ಕಲ್ತದ್ದ್ ನೀನ್?” ಎಂದ. “ಸ್ಟುಡಿಯೋಕೆ ನಮ್ಮ್ ಹೋಟೆಲಿಂದ ಚಾ ತಕಂಡ್ ಹೋಪುದ್. ಅದೂ ಅರ್ಧ ಚೆಲ್ಲಿ.”

ಕೆಟ್ಲಿಯ ವಿಷಯ ಹೀಗೆ, ಯಾರೂ ಕೇಳದೆ, ಊರಿಗೆ ಗೊತ್ತಾಯಿತು. ಎಕ್ಸ್‌ರೇ ತೋರಿಸಿದವರೆಲ್ಲ ತಮ್ಮ ತಮ್ಮ ಕಾಲು ನೋಡಿಕೊಂಡರು. ಕುಷ್ಟ ಭರಣಿಯನ್ನು ಮೆಲ್ಲನೆ ಕೆಳಗಿಟ್ಟು, ಅದರ ಪಕ್ಕದಲ್ಲೇ ಕೂತ. “ಹೌದ್ ಅತ್ತೆ,” ಎಂದ. “ಬಾಗಿಲ್ ತಟ್ಟುದ್ ಮಾತ್ರ ನಂಗ್ ಬಪ್ಪುದ್.”

ಅಪ್ಪಿಯಮ್ಮ ಅವನ ಕಂದು ಕೈಗಳನ್ನು ನೋಡಿದರು. ಆಮೇಲೆ ಭರಣಿಯನ್ನು ಎಳೆದು ಮಡಿಲಲ್ಲಿಟ್ಟುಕೊಂಡು, ಸೆರಗು ಹೊದೆಸಿದರು.

“ಆ ಊರಗೆ ಚಾ ಕೊಟ್ಟ, ಈ ಊರಗೆ ಕಾಫಿ ಕೊಟ್ಟ. ಅದ್ರಗೆ ಎಂತ ತಪ್ಪಿತ್ತ್? ಬಂದವ್ರಿಗ್ ಒಂದ್ ಲೋಟ ನೀರ್ ಕೊಡದ್ದವ್ರ್ ಎಷ್ಟ್ ಜನ ಇದ್ರ್ ಇಲ್ಲಿ,” ಎಂದು ಅಂಗಳವನ್ನೊಮ್ಮೆ ನೋಡಿದರು. “ಮತ್ತೆ ಚಂದಯ್ಯ, ನೀನ್ ಹೇಳುದ್ ಸರಿಯಲ್ಲ. ಇವ್ರ್ ಉಪ್ಪ್‌ನೀರಗೇ ದುಡ್ದವ್ರ್, ಉಪ್ಪ್‌ನೀರಗೇ ಹೋದವ್ರ್. ಇನ್ನೊಂದ್ ದಿನ ಉಪ್ಪಗೆ ಇದ್ರೆ ಎಂತ ಆತ್ತ್ ಅವ್ರಿಗೆ? ಕಡಲಿಗೆ ಒಂದ್ಸಲ ಕೊಟ್ಟಿದೆ. ಎರಡ್ನೇ ಸಲ ಕೊಡುದಿಲ್ಲ.”

ಗುರಿಕಾರರ ತೀರ್ಪಿನ ಮೇಲೆ ಅಪೀಲು ನಮ್ಮ ಕೇರಿಯಲ್ಲಿ ಅದಕ್ಕೆ ಮುಂಚೆ ನಡೆದಿರಲಿಲ್ಲ. ಚಂದಯ್ಯನವರು ಶಾಲು ಎತ್ತಿಕೊಂಡು, ಹೆಗಲಿಗೆ ಹಾಕಿ, “ಹಾಂಗಾರೆ ಇರ್ಲಿ,” ಎಂದರು. ಬಂಗುಡೆ ತಣ್ಣಗಾಗುತ್ತಿದೆಯೆಂದು ಉಮಾವತಿ ನೆನಪಿಸಿದಳು. ಎಡೆಯ ಪ್ರಸಾದವೆಂದು ಎಲ್ಲರೂ ಒಂದೊಂದು ತುಂಡು ತಿಂದರು. ಸ್ವಲ್ಪ ಕಾಫಿಯ ವಾಸನೆ ಹಿಡಿದಿತ್ತು, ಯಾರೂ ದೂರಲಿಲ್ಲ.

ಮರುದಿನ ಮಧ್ಯಾಹ್ನ ಬೈಂದೂರಿನಿಂದ ಯತೀಶನೂ ಬಂದ. ಭರಣಿಯ ಬಾಯಿ ಬಿಚ್ಚಿ, ಬಾವಿಯ ನೀರಿನಲ್ಲಿ ತೊಳೆದು, ಕುಷ್ಟ ರೀಲನ್ನು ಮೆಲ್ಲನೆ ಬಿಚ್ಚಿದ. ಮೊದಲ ತುಂಡು ಬರೀ ಕಂದು. ಎರಡನೆಯದು ಹೊಗೆ. ಮೂರನೆಯದು ಮಳೆಗಾಲದ ಕಡಲಿನ ಹಾಗೆ, ಏನೂ ಇಲ್ಲ. ತುದಿಯ ಹತ್ತಿರ, ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ದೊಡ್ಡ ಚೌಕದಲ್ಲಿ, ಒಂದು ದೋಣಿ. ದೋಣಿಗೆ ಒರಗಿ ಒಬ್ಬ ಮನುಷ್ಯ.

ಅವನು ಅದನ್ನು ಅತ್ತೆಯ ಕೈಗೆ ಕೊಟ್ಟ. ಅಪ್ಪಿಯಮ್ಮ ಕನ್ನಡಕ ಸರಿಮಾಡಿಕೊಂಡು ಬಾಗಿಲ ಬೆಳಕಿಗೆ ಹಿಡಿದರು. ಬಹಳ ಹೊತ್ತು ಹಿಡಿದರು. ಅಂಗಳದಲ್ಲಿ ಕೋಳಿಯೊಂದು ಹೋಗಲೋ ಬೇಡವೋ ಎಂದು ಒಂದು ಕಾಲೆತ್ತಿ ನಿಂತಿತ್ತು.

“ಇವ್ರೇ,” ಎಂದರು ಕೊನೆಗೆ. “ಹಲ್ಲ್ ಕಾಣ್, ಹ್ಯಾಂಗ್ ಕಪ್ಪಾಯಿತ್ತ್. ಎಲಿ ಅಡ್ಕಿ ಅಲ್ಲಿಯೂ ಬಿಡ್ಲಿಲ್ಲ.”

ಚಂದಯ್ಯನವರು ಹೆಗಲ ಮೇಲಿಂದ ಬಗ್ಗಿ ನೋಡಿ, “ಮೈ ಬಣ್ಣ ಬಂದಿತ್ತ್,” ಎಂದರು. “ಬೆಳ್ಳಗಾಯ್ದ.”

“ತಲಿಯೂ ಬೆಳ್ಳಗಾಯ್ತಲ್ದಾ ಇವರ್ದ್. ಒಂದೂ ಕರಿ ಕೂದ್ಲ್ ಇಲ್ಲ ಕಾಣ್. ಮೀಸಿಯೂ ಬೆಳಿ.”

ಯತೀಶ ಬಾಯಿ ತೆರೆದ. “ಅಮ್ಮ,” ಎಂದ, “ಅದ್ ನೆಗೆಟಿವ್. ಕಂಪ್ಯೂಟರಿಗ್ ಹಾಕಿ ತಿರ್ಗಿಸಿದ್ರೆ...” ಮುಂದಿನ ಮಾತು ಬರಲಿಲ್ಲ. ಕುಷ್ಟ ಅವನ ಕಾಲಿನ ಮೇಲೆ ತನ್ನ ಕಾಲಿಟ್ಟು, ಪೂರ್ತಿ ಭಾರ ಬಿಟ್ಟು ನಿಂತಿದ್ದ. ಫೋಟೋದ ವಿದ್ಯೆಯಲ್ಲಿ ಅವನು ಅಂದು ತೋರಿಸಿದ ಪಾಂಡಿತ್ಯ ಅದೊಂದೇ.

ಅಪ್ಪಿಯಮ್ಮನಿಗೆ ಅದು ಕೇಳಿಸಲಿಲ್ಲ. “ನಾ ಒಬ್ಳೇ ಮುದ್ಕಿ ಆದ್ದ್ ಅಂದೇಳಿ ತಿಳ್ಕಂಡಿದ್ದೆ,” ಎಂದರು. “ಇವ್ರೂ ಆಯ್ದ್ರ್.”

ಪಟವನ್ನು ಬೆಳಕಿನಿಂದ ಇಳಿಸದೆ, ಇನ್ನೊಂದು ಕೈಯಿಂದ ಅವರು ಹಣೆಯ ಮೇಲಿನ ಬಿಳಿ ಕೂದಲನ್ನು ಹಿಂದಕ್ಕೆ ಒತ್ತಿಕೊಂಡರು. ಅದು ನಿಲ್ಲಲಿಲ್ಲ.

“ಉಮಾವತಿ,” ಎಂದರು, ದನಿ ತಗ್ಗಿಸಿ, “ಒಳ್ಗಿಂದ ಬಾಚಣ್ಗಿ ತಕಂಡ್ ಬಾ ಮಗಾ. ಇವ್ರ್ ನನ್ನೇ ಕಾಣ್ತಾ ಇದ್ರ್.”